ಪಾಸ್‌ವರ್ಡ್ ಪಡೆಯದೆ ಅನುಮತಿ ಪಡೆಯುವುದು: ಸಣ್ಣ ವೆಬ್ ಅಪ್ಲಿಕೇಶನ್‌ಗೆ ಓಆಥ್ ಅಳವಡಿಸುವ ಬಗೆ

ಗದಗದ ಮುದ್ರಣಾಲಯವೊಂದಕ್ಕೆ ನಾನೊಂದು ಸಣ್ಣ ವೆಬ್ ಅಪ್ಲಿಕೇಶನ್ ಬರೆದುಕೊಡಬೇಕಿತ್ತು. ಅವರ ಲಗ್ನಪತ್ರಿಕೆಗಳ ವಿನ್ಯಾಸಗಳೆಲ್ಲ ಮಾಲೀಕರ ಗೂಗಲ್ ಡ್ರೈವ್‌ನಲ್ಲಿದ್ದವು. ಅವುಗಳಲ್ಲಿ ಬೇಕಾದದ್ದನ್ನು ಎತ್ತಿಕೊಂಡು, ಹೆಸರು ಮತ್ತು ಮುಹೂರ್ತ ತುಂಬಿ, ಕರಡು ಪ್ರತಿಯನ್ನು ಗ್ರಾಹಕರಿಗೆ ಕಳಿಸುವುದು ಅಪ್ಲಿಕೇಶನ್‌ನ ಕೆಲಸ. ಮೊದಲ ದಿನವೇ ಮಾಲೀಕರು ಬಿಲ್ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ತಮ್ಮ ಜಿಮೇಲ್ ಪಾಸ್‌ವರ್ಡ್ ಬರೆದು ನನ್ನ ಮುಂದೆ ಸರಿಸಿದರು. “ಬರಕೊಳ್ರಿ ಸರ, ಹಿಂದ ಬಂದಿದ್ದ ಹುಡುಗರಿಗೂ ಇದನ್ನ ಕೊಟ್ಟಿದ್ವಿ” ಎಂದರು. ಆ ಹುಡುಗರು ಈಗ ಎಲ್ಲಿದ್ದಾರೆ, ಪಾಸ್‌ವರ್ಡ್ ಇನ್ನೂ ಅವರ ಬಳಿ ಇದೆಯೇ ಎಂಬುದು ಅವರಿಗೆ ತಿಳಿದಿರಲಿಲ್ಲ. ಪಾಸ್‌ವರ್ಡ್ ಕೈಗೆ ಬಂದರೆ ಡ್ರೈವ್ ಮಾತ್ರವಲ್ಲ, ಅವರ ಮೇಲ್ ಮತ್ತು ಫೋಟೋಗಳೂ ಕೈಗೆ ಬಂದಂತೆ. ಅದನ್ನು ಮುಟ್ಟದೆ ಕೆಲಸ ಮಾಡುವ ಕ್ರಮಕ್ಕೆ ಓಆಥ್ ಎಂದು ಹೆಸರು.

ನಮ್ಮ ಕಡೆಯವರಿಗೆ ಇದು ಹೊಸ ಕಲ್ಪನೆಯೇನೂ ಅಲ್ಲ. ಹೊಲದ ವ್ಯವಹಾರಕ್ಕೆ ತಾವೇ ಕಚೇರಿಗೆ ಹೋಗಲಾಗದವರು ವಟಮುಖತ್ಯಾರ ಪತ್ರ ಬರೆದುಕೊಡುತ್ತಾರೆ. ಅದರಲ್ಲಿ ಯಾರಿಗೆ, ಯಾವ ಸರ್ವೆ ನಂಬರಿನ ಹೊಲ, ಯಾವ ಕೆಲಸ ಎಂಬುದೆಲ್ಲ ನಮೂದಾಗಿರುತ್ತದೆ. ಓಆಥ್ ಕೊಡುವ ಟೋಕನ್ ಕೂಡ ಅಂಥದೇ ಪತ್ರ. ಆದರೆ ಒಂದು ವ್ಯತ್ಯಾಸವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಟಮುಖತ್ಯಾರ ಪತ್ರ ತಂದವನು ತಾನು ಅದರಲ್ಲಿ ಹೆಸರಿಸಿದ ವ್ಯಕ್ತಿಯೇ ಎಂದು ತೋರಿಸಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಬೇರರ್ ಟೋಕನ್‌ಗೆ ಆ ತಪಾಸಣೆಯಿಲ್ಲ, ಬೇರರ್ ಚೆಕ್ಕಿನಂತೆ ಅದನ್ನು ತಂದವನೇ ಹಕ್ಕುದಾರ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಬಹುಪಾಲು ಈ ಒಂದು ಗುಣದಿಂದಲೇ ಹುಟ್ಟಿಕೊಂಡವು.

ಓಆಥ್‌ನ ಮೊದಲ ಆವೃತ್ತಿ 2007ರಲ್ಲಿ ಸಿದ್ಧವಾಯಿತು. ಇಂದು ಬಳಕೆಯಲ್ಲಿರುವ 2.0 ಆವೃತ್ತಿ 2012ರ ಅಕ್ಟೋಬರಿನಲ್ಲಿ ಅಂತರಜಾಲದ ತಾಂತ್ರಿಕ ನಿಯಮಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಸರಣಿಯ 6749ನೇ ದಾಖಲೆಯಾಗಿ ಹೊರಬಂತು. ಅದರಲ್ಲಿ ನಾಲ್ವರು ಪಾತ್ರಧಾರಿಗಳು: ಮಾಹಿತಿಯ ಒಡೆಯ, ಅಂದರೆ ನಮ್ಮ ಮುದ್ರಣಾಲಯದ ಮಾಲೀಕರು, ಕ್ಲೈಂಟ್, ಅಂದರೆ ನಿಮ್ಮ ಅಪ್ಲಿಕೇಶನ್, ಒಡೆಯನ ಗುರುತು ಮತ್ತು ಒಪ್ಪಿಗೆ ಪಡೆದು ಟೋಕನ್ ಕೊಡುವ ಅನುಮತಿ ಸರ್ವರ್, ಟೋಕನ್ ನೋಡಿ ಮಾಹಿತಿ ಕೊಡುವ ಸಂಪನ್ಮೂಲ ಸರ್ವರ್. ಪಾಸ್‌ವರ್ಡ್ ಒಡೆಯ ಮತ್ತು ಅನುಮತಿ ಸರ್ವರ್ ನಡುವೆಯೇ ಉಳಿಯುತ್ತದೆ.

ಕೆಲಸ ನೋಂದಣಿಯಿಂದ ಆರಂಭವಾಗುತ್ತದೆ. ಸೇವೆ ನೀಡುವವರ ಡೆವಲಪರ್ ಕನ್ಸೋಲ್‌ನಲ್ಲಿ ನಿಮ್ಮ ಅಪ್ಲಿಕೇಶನ್ ನೋಂದಾಯಿಸಿದರೆ ಕ್ಲೈಂಟ್ ಐಡಿ ಮತ್ತು ಕ್ಲೈಂಟ್ ಸೀಕ್ರೆಟ್ ಸಿಗುತ್ತವೆ. ಐಡಿ ಎಲ್ಲರಿಗೂ ಕಾಣಬಹುದು. ಸೀಕ್ರೆಟ್ ಸರ್ವರ್ ಬಿಟ್ಟು ಹೊರಗೆ ಹೋಗಬಾರದು, ಗಿಟ್ ಭಂಡಾರಕ್ಕಂತೂ ಖಂಡಿತ ಹೋಗಬಾರದು. ಅಲ್ಲಿಯೇ ರಿಡೈರೆಕ್ಟ್ ಯುಆರ್‌ಐ, ಅಂದರೆ ಒಪ್ಪಿಗೆಯ ನಂತರ ಬಳಕೆದಾರರ ಬ್ರೌಸರ್ ಮರಳಿ ಬರಬೇಕಾದ ವಿಳಾಸವನ್ನೂ ಬರೆಯಬೇಕು. ಇದನ್ನು ಅಕ್ಷರಕ್ಕೆ ಅಕ್ಷರ ಹೋಲಿಸಲಾಗುತ್ತದೆ. ಕೊನೆಯಲ್ಲೊಂದು ಓರೆಗೆರೆ ಹೆಚ್ಚಾದ ಕಾರಣಕ್ಕೆ ನಾನು ಒಂದಿಡೀ ಮಧ್ಯಾಹ್ನ ವಿಳಾಸ ಹೊಂದುತ್ತಿಲ್ಲವೆಂಬ ದೋಷದ ಮುಂದೆ ಕುಳಿತಿದ್ದೆ. ಆ ಬಿಗಿ ಬೇಡವೆನಿಸಬಹುದು. ಆದರೆ ಅದು ಸಡಿಲವಾಗಿದ್ದರೆ ಕಳ್ಳನು ತನ್ನ ವಿಳಾಸ ಕೊಟ್ಟು ನಿಮಗೆ ಬರಬೇಕಾದ ಕೋಡನ್ನು, ಅಂದರೆ ಟೋಕನ್ ಪಡೆಯಲು ತೋರಿಸಬೇಕಾದ ತಾತ್ಕಾಲಿಕ ಗುರುತನ್ನು, ತನ್ನಲ್ಲಿಗೆ ತರಿಸಿಕೊಳ್ಳುತ್ತಾನೆ.

ಮುಂದಿನದು ಸ್ಕೋಪ್, ಅಂದರೆ ಎಷ್ಟು ಅಧಿಕಾರ ಬೇಕೆಂಬ ಬೇಡಿಕೆ. ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದ ಹಂತ ಇದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಉಳಿದದ್ದನ್ನೆಲ್ಲ ಲೈಬ್ರರಿಗಳು ಮಾಡಿಕೊಡುತ್ತವೆ, ಇದನ್ನು ಮಾತ್ರ ನೀವೇ ನಿರ್ಧರಿಸಬೇಕು. ಗೂಗಲ್ ಡ್ರೈವ್‌ಗೆ ‘ಡ್ರೈವ್’ ಎಂಬ ಸ್ಕೋಪ್ ಕೇಳಿದರೆ, ಎಲ್ಲ ಫೈಲುಗಳನ್ನು ನೋಡುವ, ತಿದ್ದುವ, ಅಳಿಸುವ ಅಧಿಕಾರವನ್ನು ಈ ಅಪ್ಲಿಕೇಶನ್ ಕೇಳುತ್ತಿದೆ ಎಂದು ಒಪ್ಪಿಗೆಯ ಪರದೆ ಮಾಲೀಕರಿಗೆ ತಿಳಿಸುತ್ತದೆ. ಅದರ ಬದಲು ‘ಡ್ರೈವ್ ಡಾಟ್ ಫೈಲ್’ ಕೇಳಿದರೆ, ಅಪ್ಲಿಕೇಶನ್ ತಾನೇ ಸೃಷ್ಟಿಸಿದ ಅಥವಾ ಬಳಕೆದಾರರು ಆಯ್ದುಕೊಟ್ಟ ಫೈಲುಗಳಷ್ಟೇ ಸಿಗುತ್ತವೆ. ಲಗ್ನಪತ್ರಿಕೆಯ ವಿನ್ಯಾಸಗಳನ್ನು ಮಾಲೀಕರು ಗೂಗಲ್ ಪಿಕ್ಕರ್ ಕಿಟಕಿಯಲ್ಲಿ ಒಮ್ಮೆ ಆಯ್ದುಕೊಟ್ಟರು. ಮನೆಯ ಕಾಗದಪತ್ರಗಳು, ಮಗಳ ಅಂಕಪಟ್ಟಿ ಎಲ್ಲವೂ ನನ್ನ ಅಪ್ಲಿಕೇಶನ್‌ಗೆ ಕಾಣದಂತೆ ಉಳಿದವು. ‘ಡ್ರೈವ್’ ಎಂಬುದು ಗೂಗಲ್‌ನ ನಿರ್ಬಂಧಿತ ಸ್ಕೋಪ್‌ಗಳಲ್ಲೊಂದು, ಸಾರ್ವಜನಿಕ ಬಳಕೆಗೆ ಅದನ್ನು ಕೇಳುವವರು ಉದ್ದನೆಯ ಪರಿಶೀಲನೆಗೆ ಒಳಗಾಗಬೇಕು. ಚಿಕ್ಕದನ್ನು ಕೇಳಿದವರಿಗೆ ಆ ತಾಪತ್ರಯವೂ ಇಲ್ಲ.

ಇನ್ನು ಬಳಕೆದಾರರನ್ನು ಅನುಮತಿ ಸರ್ವರ್‌ನತ್ತ ಕಳಿಸುವುದು. ಕ್ಲೈಂಟ್ ಐಡಿ, ರಿಡೈರೆಕ್ಟ್ ಯುಆರ್‌ಐ, ಸ್ಕೋಪ್, ಮತ್ತು ನಮಗೆ ‘ಕೋಡ್’ ಬೇಕೆಂಬ ಸೂಚನೆ ಇರುವ ಕೊಂಡಿಯೊಂದನ್ನು ಕಟ್ಟಿ ಬ್ರೌಸರನ್ನು ಅತ್ತ ತಿರುಗಿಸಬೇಕು. ಇದರೊಡನೆ ಹೋಗಲೇಬೇಕಾದ ಇನ್ನೆರಡು ವಸ್ತುಗಳಿವೆ.

ಒಂದು ‘ಸ್ಟೇಟ್’: ಊಹಿಸಲಾಗದ ಒಂದು ಯಾದೃಚ್ಛಿಕ ಅಕ್ಷರಸರಣಿಯನ್ನು ಬಳಕೆದಾರರ ಸೆಷನ್‌ನಲ್ಲಿ ಇಟ್ಟುಕೊಂಡು, ಅದನ್ನೇ ಕೊಂಡಿಯಲ್ಲೂ ಕಳಿಸಿ, ಮರಳಿ ಬಂದಾಗ ಎರಡೂ ಒಂದೇ ಎಂದು ನೋಡುವುದು. ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮುದ್ರಣಾಲಯದ ಉದಾಹರಣೆಯಲ್ಲೇ ನೋಡೋಣ. ದುರುದ್ದೇಶದವನೊಬ್ಬ ತನ್ನ ಖಾತೆಯಿಂದ ಒಪ್ಪಿಗೆ ಕೊಟ್ಟು, ಬಂದ ಕೋಡನ್ನು ಬಳಸದೆ, ಅದಿರುವ ವಿಳಾಸವನ್ನು ಮಾಲೀಕರ ವಾಟ್ಸ್ಆ್ಯಪ್‌ಗೆ ಕಳಿಸುತ್ತಾನೆ. ನನ್ನ ಅಪ್ಲಿಕೇಶನ್‌ಗೆ ಲಾಗಿನ್ ಆಗಿರುವ ಮಾಲೀಕರು ಅದನ್ನು ಒತ್ತುತ್ತಾರೆ. ಅವರ ಖಾತೆಗೆ ಆ ಅಪರಿಚಿತನ ಡ್ರೈವ್ ಜೋಡಣೆಯಾಗುತ್ತದೆ. ಅಂದಿನಿಂದ ಗ್ರಾಹಕರ ಕರಡು ಪ್ರತಿಗಳೆಲ್ಲ ಅವನ ಡ್ರೈವ್‌ಗೆ ಹೋಗಿ ಬೀಳುತ್ತವೆ, ಪರದೆಯ ಮೇಲೆ ಯಾವ ದೋಷವೂ ಕಾಣುವುದಿಲ್ಲ.

ಎರಡನೆಯದು ಪಿಕೆಸಿಇ, 2015ರಲ್ಲಿ ಆರ್‌ಎಫ್‌ಸಿ 7636 ಎಂದು ಬಂದ ಸೇರ್ಪಡೆ; ಓದುವುದು ‘ಪಿಕ್ಸಿ’ ಎಂದು. 43ರಿಂದ 128 ಅಕ್ಷರಗಳ ಒಂದು ಗುಟ್ಟಿನ ಸರಣಿಯನ್ನು ನೀವು ಸೃಷ್ಟಿಸಿ ನಿಮ್ಮಲ್ಲೇ ಇಟ್ಟುಕೊಳ್ಳಬೇಕು, ಅದು ಕೋಡ್ ವೆರಿಫೈಯರ್. ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಮೂಲವನ್ನು ಮರಳಿ ಪಡೆಯಲಾಗದಂಥ ಬೆರಳಚ್ಚು, ಮಾತ್ರ ಕೊಂಡಿಯಲ್ಲಿ ಹೋಗಬೇಕು, ಅದು ಕೋಡ್ ಚಾಲೆಂಜ್. ಟೋಕನ್ ಕೇಳುವಾಗ ಮೂಲ ಸರಣಿಯನ್ನು ತೋರಿಸಿದವರಿಗಷ್ಟೇ ಟೋಕನ್ ಸಿಗುವುದರಿಂದ, ದಾರಿಯಲ್ಲಿ ಕೋಡ್ ಕದ್ದವನಿಗೆ ಅದರಿಂದ ಪ್ರಯೋಜನವಿಲ್ಲ. ಹ್ಯಾಶನ್ನು ಸಾಮಾನ್ಯ ಬೇಸ್64ಗೆ (ಬೈಟುಗಳನ್ನು ಅಕ್ಷರಗಳಾಗಿ ಬರೆಯುವ ಕ್ರಮ) ಬದಲಾಗಿ ಯುಆರ್‌ಎಲ್‌ಗೆ ಹೊಂದುವ ಬೇಸ್64 ರೂಪದಲ್ಲಿ, ಕೊನೆಯ ಸಮಚಿಹ್ನೆಯನ್ನು ತೆಗೆದು ಬರೆಯಬೇಕೆಂಬುದನ್ನು ಹಲವರು ಮರೆಯುತ್ತಾರೆ. ಪರೀಕ್ಷೆ ಸುಲಭ: ಹ್ಯಾಶ್ 32 ಬೈಟುಗಳದ್ದಾದ್ದರಿಂದ ಚಾಲೆಂಜ್ ಸರಿಯಾಗಿ 43 ಅಕ್ಷರಗಳಿರಬೇಕು. ನಿಮ್ಮದು 44 ಇದ್ದರೆ ಸಮಚಿಹ್ನೆ ಇನ್ನೂ ಅಂಟಿಕೊಂಡಿದೆ.

ಮಾಲೀಕರು ಗೂಗಲ್‌ನ ಪುಟದಲ್ಲಿ ಲಾಗಿನ್ ಆಗಿ ಒಪ್ಪಿದ ಮೇಲೆ ಬ್ರೌಸರ್ ಕೋಡ್ ಹೊತ್ತು ಮರಳುತ್ತದೆ. ಈ ಕೋಡ್ ಒಮ್ಮೆ ಮಾತ್ರ ನಡೆಯುತ್ತದೆ, ಅದರ ಆಯುಷ್ಯ ಹೆಚ್ಚೆಂದರೆ 10 ನಿಮಿಷ ಇರಲಿ ಎಂಬುದು ಆರ್‌ಎಫ್‌ಸಿಯ ಸಲಹೆ. ನಿಮ್ಮ ಸರ್ವರ್ ಅದನ್ನು ಕ್ಲೈಂಟ್ ಸೀಕ್ರೆಟ್ ಮತ್ತು ವೆರಿಫೈಯರ್ ಜೊತೆಗೆ ಅನುಮತಿ ಸರ್ವರ್‌ಗೆ ಪೋಸ್ಟ್ ಮಾಡಿ ಆಕ್ಸೆಸ್ ಟೋಕನ್ ಪಡೆಯಬೇಕು. ಉತ್ತರದಲ್ಲಿ ಬಂದ ಸ್ಕೋಪನ್ನು ಓದಿ ನೋಡಿ. ಕೇಳಿದ್ದರಲ್ಲಿ ಕೆಲವನ್ನು ಮಾತ್ರ ಬಳಕೆದಾರರು ಒಪ್ಪಿರಬಹುದು. ಆಮೇಲೆ ಪ್ರತಿ ವಿನಂತಿಯ ಆಥರೈಸೇಶನ್ ಹೆಡರ್‌ನಲ್ಲಿ ‘ಬೇರರ್’ ಎಂಬ ಪದದ ನಂತರ ಟೋಕನ್ ಇಟ್ಟು ಕಳಿಸಿದರೆ ಆಯಿತು. ಅದನ್ನು ಯುಆರ್‌ಎಲ್‌ನಲ್ಲಿ ಎಂದಿಗೂ ಇಡಬೇಡಿ, ಏಕೆಂದರೆ ಯುಆರ್‌ಎಲ್‌ಗಳು ಲಾಗ್ ಫೈಲುಗಳಲ್ಲಿ ಉಳಿದುಬಿಡುತ್ತವೆ.

ಆಕ್ಸೆಸ್ ಟೋಕನ್ ಬೇಗ ಸಾಯುತ್ತದೆ, ಗೂಗಲ್‌ನದು ಸುಮಾರು ಒಂದು ಗಂಟೆಗೆ. ಹೊಸದನ್ನು ತರಲು ರಿಫ್ರೆಶ್ ಟೋಕನ್ ಬೇಕು; ಗೂಗಲ್‌ನಲ್ಲಿ ಅದು ತಾನಾಗಿ ಬರುವುದಿಲ್ಲ, ಕೊಂಡಿಯಲ್ಲಿ ಆಕ್ಸೆಸ್ ಟೈಪ್ ‘ಆಫ್‌ಲೈನ್’ ಎಂದು ಹೇಳಬೇಕು. ನನ್ನ ಅಪ್ಲಿಕೇಶನ್ ಒಂದು ವಾರ ಚೆನ್ನಾಗಿ ನಡೆದು ನಿಂತುಹೋಯಿತು. ಮಾಲೀಕರು ಮತ್ತೆ ಒಪ್ಪಿಗೆ ಕೊಟ್ಟರು, ಮುಂದಿನ ವಾರ ಮತ್ತೆ ನಿಂತಿತು. ಮದುವೆ ಸುಗ್ಗಿಯ ದಿನಗಳವು. ಹುಬ್ಬಳ್ಳಿಯಿಂದ ಗದಗಕ್ಕೆ ಎರಡು ಸಲ ಬಸ್ಸು ಹತ್ತಿದ ಮೇಲೆ ದಾಖಲೆಯನ್ನು ಸರಿಯಾಗಿ ಓದಿದೆ. ಹೊರಗಿನ ಬಳಕೆದಾರರಿಗೆಂದು ನೋಂದಾಯಿಸಿದ ಯೋಜನೆಯನ್ನು ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಬಿಟ್ಟರೆ ರಿಫ್ರೆಶ್ ಟೋಕನ್ 7 ದಿನಕ್ಕೆ ಮುಗಿಯುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪ್ರಕಟಿತ ಸ್ಥಿತಿಗೆ ಬದಲಿಸದೆ ಬಿಟ್ಟವನು ನಾನೇ. ರಿಫ್ರೆಶ್ ಟೋಕನ್ ದೀರ್ಘಕಾಲ ಬಾಳುವುದರಿಂದ ಡೇಟಾಬೇಸ್‌ನಲ್ಲಿ ಗೂಢಲಿಪೀಕರಿಸಿಯೇ ಇಡಬೇಕು, ಅದರ ಕೀಲಿ ಬೇರೆಡೆ ಇರಬೇಕು.

ಹಳೆಯ ಪಾಠಗಳನ್ನು ನೋಡಿ ಕಲಿಯುವವರಿಗೆ ಒಂದು ಮಾತು. ಟೋಕನ್ ನೇರವಾಗಿ ಬ್ರೌಸರ್ ವಿಳಾಸದಲ್ಲಿ ಬರುವ ‘ಇಂಪ್ಲಿಸಿಟ್’ ಕ್ರಮ ಮತ್ತು ಅಪ್ಲಿಕೇಶನ್ನೇ ಪಾಸ್‌ವರ್ಡ್ ಕೇಳಿ ಪಡೆಯುವ ಕ್ರಮ ಇನ್ನೂ ಅಲ್ಲಲ್ಲಿ ಸಿಗುತ್ತವೆ. 2025ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 9700 ಮೊದಲನೆಯದನ್ನು ಬಳಸದಿರಲು ಸೂಚಿಸುತ್ತದೆ, ಎರಡನೆಯದನ್ನು ನಿಷೇಧಿಸುತ್ತದೆ. ಹಾಗೆಯೇ, ಆಕ್ಸೆಸ್ ಟೋಕನ್ ಸಿಕ್ಕಿತೆಂದ ಮಾತ್ರಕ್ಕೆ ಬಂದವರು ಯಾರೆಂದು ತಿಳಿದಂತಲ್ಲ. ಲಾಗಿನ್ ಬೇಕಿದ್ದರೆ ಓಆಥ್ ಮೇಲೆ 2014ರಲ್ಲಿ ಕಟ್ಟಿದ ಓಪನ್‌ಐಡಿ ಕನೆಕ್ಟ್ ಬಳಸಿ.

ಕೊನೆಯ ಪರೀಕ್ಷೆಯನ್ನು ಗ್ರಾಹಕರ ಎದುರಿಗೇ ಮಾಡಿ. ನಾನು ಮಾಲೀಕರಿಗೆ ಅವರ ಗೂಗಲ್ ಖಾತೆಯಲ್ಲಿ ಹೊರಗಿನ ಅಪ್ಲಿಕೇಶನ್‌ಗಳ ಪಟ್ಟಿ ತೆರೆಸಿ, ನನ್ನದನ್ನು ಅವರ ಕೈಯಿಂದಲೇ ತೆಗೆಸಿದೆ. ಮುಂದಿನ ರಿಫ್ರೆಶ್‌ಗೆ ‘ಇನ್‌ವ್ಯಾಲಿಡ್ ಗ್ರಾಂಟ್’ ಎಂಬ ಉತ್ತರ ಬರಬೇಕು, ಅಪ್ಲಿಕೇಶನ್ ಅದನ್ನು ಮತ್ತೆ ಮತ್ತೆ ಕೇಳದೆ, ಇಟ್ಟುಕೊಂಡ ಟೋಕನ್ ಅಳಿಸಿ, ಡ್ರೈವ್ ಜೋಡಣೆ ಕಡಿದಿದೆ ಎಂದು ಕನ್ನಡದಲ್ಲಿ ತಿಳಿಸಬೇಕು. ನಿಮ್ಮ ಅಪ್ಲಿಕೇಶನ್‌ನಲ್ಲೂ ‘ಜೋಡಣೆ ತೆಗೆ’ ಎಂಬ ಗುಂಡಿ ಇರಲಿ. ಅದನ್ನು ಒತ್ತಿದಾಗ ಆರ್‌ಎಫ್‌ಸಿ 7009 ಹೇಳುವ ರದ್ದತಿ ವಿಳಾಸಕ್ಕೂ ವಿನಂತಿ ಹೋಗಲಿ. ಅದೇ ಪಟ್ಟಿಯಲ್ಲಿ ಮಾಲೀಕರು ಎಂದೋ ಒಪ್ಪಿ ಮರೆತಿದ್ದ ಎರಡು ಹಳೆಯ ಹೆಸರುಗಳೂ ಸಿಕ್ಕವು. ಅವನ್ನು ತೆಗೆದು, ಪಾಸ್‌ವರ್ಡನ್ನೂ ಬದಲಿಸಿ, ಬಿಲ್ ಪುಸ್ತಕದ ಹಿಂಬದಿಯ ರಟ್ಟನ್ನು ಕಾಗದ ಕತ್ತರಿಸುವ ಯಂತ್ರಕ್ಕೆ ಕೊಟ್ಟರು.