ಪಲ್ಯ ಮೊದಲು, ಮುದ್ದೆ ಆಮೇಲೆ

ನಲವತ್ತೆಂಟನೇ ವಯಸ್ಸಿಗೆ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತಪರೀಕ್ಷೆಯಲ್ಲಿ, ನನ್ನ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆಯೇ. ಅಮ್ಮನಿಗೂ ಸೋದರಮಾವಂದಿರಿಗೂ ಶುಗರ್ ಇದ್ದಿದ್ದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ಡಾಕ್ಟರು ಹಿಮೋಗ್ಲೋಬಿನ್ನೂ ನೋಡಿದರು. ಕಬ್ಬಿಣಾಂಶದ ಕೊರತೆ ಇದ್ದರೆ ಈ ಸಂಖ್ಯೆ ಸ್ವಲ್ಪ ಹೆಚ್ಚಾಗಿಯೇ ತೋರಿಸಬಹುದಂತೆ. ನನ್ನ ಹಿಮೋಗ್ಲೋಬಿನ್ ಇರಬೇಕಾದ 12ಕ್ಕಿಂತ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಶುಗರ್ ಮಾತ್ರೆ ಸದ್ಯಕ್ಕೆ ಬೇಡ ಅಂದರು, ಊಟ-ವ್ಯಾಯಾಮ ಸರಿಮಾಡಿಕೊಂಡು ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಈ ಪರೀಕ್ಷೆ ಅಳೆಯೋದು ಕೆಂಪು ರಕ್ತಕಣದಲ್ಲಿ ಅಂಟಿಕೊಂಡ ಸಕ್ಕರೆಯನ್ನ, ಆ ಕಣದ ಆಯುಸ್ಸು ಸುಮಾರು 120 ದಿನ. ತೀರಾ ಬೇಗ ಪರೀಕ್ಷೆ ಮಾಡಿಸಿದರೆ ಹಳೇ ಊಟದ ಲೆಕ್ಕವೂ ಸೇರಿ ಬರುತ್ತೆ.

ಮನೆಯಲ್ಲಿ ನನಗೊಬ್ಬಳಿಗೇ ಬೇರೆ ಅಡುಗೆ ಮಾಡಿಕೊಳ್ಳೋದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆ. ಓಟ್ಸು, ಕೀನ್ವಾ, ಕೇಲ್ ಅಂತ ಹೊರಟರೆ ಎರಡು ವಾರ ನಡೆಯುತ್ತೆ, ಆಮೇಲೆ ಡಬ್ಬಿ ಅಟ್ಟ ಸೇರುತ್ತೆ. ನಮ್ಮದು ಮಂಡ್ಯ ಕಡೆಯ ಅಡುಗೆ: ಬಸ್ಸಾರು, ಉಪ್ಸಾರು, ಮುದ್ದೆ. ಬಸ್ಸಾರಿನಷ್ಟು ಒಳ್ಳೆಯ ಡಯಟ್ ಯಾರು ಕಂಡುಹಿಡಿದಾರು? ಸೊಪ್ಪು-ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ಅರೆದು ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಆದರೆ ನಮ್ಮ ತಟ್ಟೆಯಲ್ಲಿ ಆ ಪಲ್ಯ ಉಪ್ಪಿನಕಾಯಿಯಷ್ಟು, ಮುದ್ದೆ ಮಾತ್ರ ತೆಂಗಿನಕಾಯಿ ಗಾತ್ರ.

ರಾಗಿ ತಿಂದರೆ ಶುಗರ್ ಬರೋಲ್ಲ ಅನ್ನೋ ಮಾತು ನಮ್ಮ ಕಡೆ ವೇದವಾಕ್ಯ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನಾರು ಇದೆ, ಎಲ್ಲ ಸರಿ. ಆದರೆ ಶರ್ಕರಪಿಷ್ಟವೇ (ಕಾರ್ಬೋಹೈಡ್ರೇಟು) ಸುಮಾರು ಎಪ್ಪತ್ತು ಗ್ರಾಂ, ಪ್ರೋಟೀನು ಏಳೋ ಎಂಟೋ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ಮುದ್ದೆ ಹೊಡೆದರೆ ಸಕ್ಕರೆ ಏರದೆ ಇರುತ್ತಾ? ಬೆಲ್ಲ ಹಾಕಿದ ರಾಗಿ ಮಾಲ್ಟನ್ನು ಶುಗರ್ ಇರೋರಿಗೆ ‘ಆರೋಗ್ಯಕ್ಕೆ ಒಳ್ಳೇದು’ ಅಂತ ಕೊಡೋರನ್ನ ಕಂಡರೆ ನನಗೆ ಈಗ ಸಿಟ್ಟೇ ಬರುತ್ತೆ.

ಹಾಗಾಗಿ ಅಳತೆ ತಿರುವುಮುರುವು ಮಾಡಿದೆ. ಅರ್ಧ ತಟ್ಟೆ ಸೊಪ್ಪು-ಕಾಳಿನ ಪಲ್ಯ, ಮೊದಲು ಅದನ್ನು ಮುಗಿಸೋದು. ಆಮೇಲೆ ಕಿತ್ತಳೆ ಗಾತ್ರದ ಒಂದು ಮುದ್ದೆ. ನಾರು, ಪ್ರೋಟೀನು ಮೊದಲು ಹೊಟ್ಟೆಗಿಳಿದರೆ ಹಿಂದೆ ಬರೋ ಪಿಷ್ಟದಿಂದ ಸಕ್ಕರೆ ಏರೋ ವೇಗ ತಗ್ಗುತ್ತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದ ಪ್ರಕಾರ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 64 ಕಿಲೋ ತೂಕದ ನನಗೆ 53 ಗ್ರಾಂ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ತಿಳಿಸಾರು, ರಾತ್ರಿ ಮುದ್ದೆಯಲ್ಲಿ ಅದು ಎಲ್ಲಿಂದ ಹುಟ್ಟಬೇಕು? ತಿಂಡಿ ಜೊತೆ ಎರಡು ಮೊಟ್ಟೆ, ಮಧ್ಯಾಹ್ನ ಹುರುಳಿಯೋ ಅಲಸಂದೆಯೋ ಗಟ್ಟಿಯಾಗಿ, ಗಟ್ಟಿ ಮೊಸರು. ಊಟದ ಬೆನ್ನಿಗೇ ಕುಡೀತಿದ್ದ ಫಿಲ್ಟರ್ ಕಾಫಿಯನ್ನು ಒಂದು ಗಂಟೆ ಮುಂದೂಡಿದೆ, ಅದು ಕಬ್ಬಿಣಾಂಶ ಹೀರಿಕೊಳ್ಳೋದಕ್ಕೆ ಅಡ್ಡಿ. ನಿಜಕ್ಕೂ ಕಷ್ಟವಾಗಿದ್ದು ಇದೊಂದೇ.

ಇನ್ನೊಂದು ವಿಷಯ ಹೆಂಗಸರಿಗೆ ಮಾತ್ರ ಅರ್ಥವಾಗೋದು. ಎಲ್ಲರದೂ ಆದಮೇಲೆ ಪಾತ್ರೆಯಲ್ಲಿ ಒಂದು ಸೌಟು ಅನ್ನ ಉಳಿದಿರುತ್ತೆ. ಎಸೆಯೋಕೆ ಮನಸ್ಸು ಬರೋಲ್ಲ, ಫ್ರಿಜ್‌ನಲ್ಲಿಡೋಕೆ ಅದು ತೀರಾ ಕಮ್ಮಿ, ಕೊನೆಗೆ ನಮ್ಮ ಹೊಟ್ಟೆಗೇ. ನಾನೀಗ ಎಲ್ಲರ ಜೊತೆ ಕೂತು ಊಟ ಮಾಡ್ತೀನಿ. ಉಳಿದದ್ದು ಯಾರ ಪಾಲು ಅನ್ನೋದು ಮನೆಮಂದಿಯ ಚರ್ಚೆಗೆ ಬಿಟ್ಟಿದ್ದು.

ನಡಿಗೆ ಮೊದಲಿನಿಂದಲೂ ಇತ್ತು, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಮಾತಾಡ್ಕೊಂಡು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ ಅನ್ನೋ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಎಲ್ಲರಿಗೂ ಗೊತ್ತು. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸೋ ವ್ಯಾಯಾಮ ಮಾಡಿ ಅಂತ ಅದರ ಜೊತೆಗೇ ಹೇಳಿರೋದು ಯಾರ ಕಿವಿಗೂ ಬಿದ್ದಿಲ್ಲ. ರಕ್ತದಲ್ಲಿನ ಸಕ್ಕರೆ ಹೆಚ್ಚಾಗಿ ಹೋಗಿ ಸೇರೋ ಜಾಗವೇ ಸ್ನಾಯು. ಅದು ದುಡಿಯುವಾಗ ಇನ್ಸುಲಿನ್‌ಗೆ ಕಾಯದೆಯೂ ಸಕ್ಕರೆ ಎಳೆದುಕೊಳ್ಳುತ್ತೆ. ರಾತ್ರಿ ಊಟ ಆದಮೇಲೆ ಬೀದಿಯಲ್ಲಿ ಹದಿನೈದು ನಿಮಿಷ ಓಡಾಡೋದರ ಗುಟ್ಟೂ ಅದೇ.

ಕುರ್ಚಿಯಿಂದ ಶುರು ಮಾಡಿದೆ. ಕೈ ಊರದೆ ಏಳೋದು, ನಿಧಾನಕ್ಕೆ ಕೂರೋದು. ಕೂರುವಾಗ ಮಂಡಿ ಮುಂದಕ್ಕೆ ನುಗ್ಗೋ ಮೊದಲು ಸೊಂಟ ಹಿಂದಕ್ಕೆ ಹೋಗಬೇಕು, ಇಷ್ಟು ಕಲಿತರೆ ಮಂಡಿನೋವಿನ ಹೆದರಿಕೆ ಅರ್ಧ ಹೋಗುತ್ತೆ. ಗೋಡೆಗೆ ಕೈಯಿಟ್ಟು ದಂಡ. ಅದು ಸಲೀಸಾದಾಗ ಹೆಗಲಿಗೆ ಚೀಲ, ಚೀಲದಲ್ಲಿ ಅಕ್ಕಿ ಪ್ಯಾಕೆಟ್ಟು. ಆಮೇಲೆ ಹತ್ತಿರದ ಜಿಮ್‌ನ ಲೇಡೀಸ್ ಬ್ಯಾಚು, ಚೂಡಿದಾರದಲ್ಲೇ. ‘ಈ ವಯಸ್ಸಲ್ಲಿ ಗರಡಿ ಮನೆಗೆ ಸೇರವ್ಳೆ, ದಸರಾ ಕುಸ್ತಿಗೆ ಹೋಯ್ತಾಳೇನೋ’ ಅಂತ ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿ ನಕ್ಕರು. ಈಗ ನೆಲದಿಂದ 30 ಕಿಲೋ ಎತ್ತುತ್ತೀನಿ, ಅಂದರೆ ಹೆಚ್ಚೂಕಮ್ಮಿ ತುಂಬಿದ ಒಂದು ಗ್ಯಾಸ್ ಸಿಲಿಂಡರ್. ಬೆನ್ನು ಬಾಗಿಸದೆ ಎತ್ತೋದನ್ನ ಕೋಚ್ ಪಕ್ಕ ನಿಂತು ಕಲಿಸಿದ ಮೇಲೇ ಭಾರ ಏರಿಸಿದ್ದು.

ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತೋದು ನನ್ನ ಪರೀಕ್ಷೆ. ಆಷಾಢ ಶುಕ್ರವಾರದ ನೂಕುನುಗ್ಗಲಲ್ಲಲ್ಲ, ಬೇರೆ ದಿನ ಬೆಳಗಿನ ಜಾವ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತೋದನ್ನ ನೋಡಿದರೆ ನಮ್ಮ ಜಿಮ್ ಏನೂ ಅಲ್ಲ ಅನ್ನಿಸುತ್ತೆ. ಇಳಿಯೋದು ಸಿಟಿ ಬಸ್ಸಲ್ಲಿ. ಇಳಿಜಾರಿನಲ್ಲೇ ಮಂಡಿಗೆ ಪೆಟ್ಟು ಜಾಸ್ತಿ.

ಒಂದು ವರ್ಷದ ಮೇಲೆ ಎಚ್‌ಬಿಎ1ಸಿ 5.7. ಅದರಲ್ಲಿ ಕಬ್ಬಿಣದ ಮಾತ್ರೆಯ ಪಾಲೂ ಇದ್ದೀತು. ತೂಕ ಇಳಿದಿದ್ದು ನಾಲ್ಕೇ ಕಿಲೋ, ಆದರೆ ಸೊಂಟ 91 ಸೆಂಟಿಮೀಟರಿಂದ 83ಕ್ಕೆ ಬಂತು. ನಮ್ಮ ದೇಶದ ಹೆಂಗಸರಿಗೆ 80ರ ಒಳಗಿರಬೇಕು ಅನ್ನೋದು ಲೆಕ್ಕ, ಇನ್ನೂ ದೂರವಿದೆ. ನೆಂಟರು ಮಾತ್ರ ‘ಯಾಕೆ ಸೊರಗಿದೀಯಾ, ಹುಷಾರಿಲ್ವಾ?’ ಅಂತಾರೆ. ಅತ್ತೆಗೆ ಎಪ್ಪತ್ತಾರು. ಸಂಜೆ ಸೀರಿಯಲ್ ನೋಡ್ತಾ ಕುರ್ಚಿಯಿಂದ ಎದ್ದು ಕೂರೋ ಅಭ್ಯಾಸ ಅವರೂ ಶುರು ಮಾಡಿದ್ದಾರೆ, ಜಾಹೀರಾತು ಬಂದಾಗ ಮಾತ್ರ.