ಗಿರಿಗೆ ಬರುವವರು ಇದೊಂದು ನೋಡಿ

ಮುಳ್ಳಯ್ಯನಗಿರಿಗೆ ಹೊರಟಿದ್ದೀರಾ? ಗಾಡಿಗೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಕೊಳ್ಳಿ. ಸುಮ್ನೆ ಕೈಮರ ಚೆಕ್‌ಪೋಸ್ಟ್‌ವರೆಗೆ ಬಂದು ವಾಪಸ್ ಹೋಗೋದು ಯಾಕೆ, ಅಲ್ವಾ? ಮಂಜು ಕವಿದರೆ 1,930 ಮೀಟರ್ ಎತ್ತರದ ತುದಿಗೆ ಹತ್ತಿದರೂ ಪಕ್ಕದವರ ಮುಖ ಬಿಟ್ಟು ಏನೂ ಕಾಣುವುದಿಲ್ಲ, ಅದಕ್ಕೂ ತಯಾರಿರಿ.

ಮಳೆಗಾಲದಲ್ಲಿ ಇಂಬಳ (ಜಿಗಣೆ) ಜಾಸ್ತಿ. ನಾವು ಕೊಬ್ಬರಿ ಎಣ್ಣೆಗೆ ನಶ್ಯ ಕಲಸಿ ಸಾಕ್ಸಿನ ಮೇಲೆ ಸವರುತ್ತೇವೆ. ಕಚ್ಚಿಕೊಂಡರೆ ಜಗ್ಗಬೇಡಿ. ಬಾಯಿ ಇರುವ ಕಡೆ ಉಗುರು ತೂರಿಸಿ ಮೆಲ್ಲಗೆ ಸರಿಸಿ, ಬಿಟ್ಟುಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಗಾಬರಿ ಬೇಡ.

ನನ್ನ ಕೇಳಿದರೆ ಸಂಜೆಗೆ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಗೆ ಹೋಗಿ. ಏರಿ ಮೇಲೆ ಕೂತರೆ ಶಕುನಗಿರಿ ನೀರಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ನೀರಿಗೆ ಮಾತ್ರ ಇಳಿಯಬೇಡಿ. ಚಿಪ್ಸ್ ಪ್ಯಾಕೆಟ್ ವಾಪಸ್ ಗಾಡಿಗೆ!