ಸಹಾಯಕ್ಕೂ ಒಂದು ಪಾಳಿ

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮೊದಲ ಹದಿನೈದು ದಿನ ಜನಕ್ಕೆ ಬರವಿಲ್ಲ. ಎಳನೀರು ಬರುತ್ತೆ, ಮೂಸಂಬಿ ಬರುತ್ತೆ, ಬ್ರೆಡ್ಡು ಬರುತ್ತೆ. ಎದ್ದು ಹೋಗುವಾಗ ಎಲ್ಲರದ್ದೂ ಒಂದೇ ಮಾತು: "ಏನಾದ್ರೂ ಬೇಕಿದ್ರೆ ಹೇಳಿ, ಸಂಕೋಚ ಮಾಡ್ಕೋಬೇಡಿ." ನಾವು ತಲೆ ಆಡಿಸ್ತೀವಿ. ಏನೂ ಹೇಳಲ್ಲ. ತಿಂಗಳು ಕಳೆದ ಮೇಲೆ ಮನೆ ಖಾಲಿ. ಬಂದವರನ್ನು ದೂರಿ ಪ್ರಯೋಜನವಿಲ್ಲ. ಅವರು ಮನಸಾರೆ ಹೇಳಿರುತ್ತಾರೆ. ಏನು ಮಾಡಬೇಕು ಅಂತ ಅವರಿಗೆ ಗೊತ್ತಿಲ್ಲ, ಅಷ್ಟೆ.

ಅಪ್ಪನಿಗೆ ಲಕ್ವ ಹೊಡೆದ ಮೇಲೆ ನಾವು ಕಲಿತದ್ದರಲ್ಲಿ ನನಗೆ ಇದೇ ಮುಖ್ಯ ಅನ್ನಿಸುತ್ತೆ. ಮಾತ್ರೆ, ವ್ಯಾಯಾಮ ಇವನ್ನೆಲ್ಲ ಡಾಕ್ಟರು ಹೇಳಿಕೊಡುತ್ತಾರೆ. ಬಾಗಿಲಿಗೆ ಬಂದ ಒಳ್ಳೆತನವನ್ನು ಕೆಲಸಕ್ಕೆ ಹಚ್ಚೋದನ್ನು ಮಾತ್ರ ನಾವೇ ಕಲಿಯಬೇಕು.

ನಮ್ಮದು ತಿಪಟೂರು ಕಡೆಯ ಹಳ್ಳಿ. ಒಂದಿಷ್ಟು ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ, ರಸ್ತೆ ಬದಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಒಂದು ಬೆಳಿಗ್ಗೆ ಕಾಫಿ ಲೋಟ ಅಪ್ಪನ ಕೈಯಿಂದ ಜಾರಿತು. ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು, ಯಾಕಂದ್ರೆ ಒಳಗೆ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಜೀವಕ್ಕೆ ಅಪಾಯ. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮೆಷಿನ್ ಕೆಟ್ಟು ಕೂತಿತ್ತು. ಇನ್ನೊಂದು ಊರು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ನಿಮ್ಮೂರಿಗೆ ಹತ್ತಿರ ಯಾವ ಆಸ್ಪತ್ರೆಯಲ್ಲಿ ಸ್ಕ್ಯಾನ್ ಇದೆ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಖರ್ಚೇನಿಲ್ಲ.

ಏಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ಹಾಗಾಗಿ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮನೆಗೆ ಕರೆತಂದಾಗ ಅಮ್ಮ, ನಾನು, ನನ್ನ ಹೆಂಡತಿ ಮೂರೇ ಜನ. ಅಮ್ಮನಿಗೆ ಮಂಡಿ ನೋವು. ಹೆಂಡತಿ ಶಾಲೆಗೆ ಹೋಗಬೇಕು. ಎರಡು ಗಂಟೆಗೊಮ್ಮೆ ಅಪ್ಪನ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತೆ. ಗಾಳಿ ಹಾಸಿಗೆ ಇದ್ದರೂ ಈ ಕೆಲಸ ತಪ್ಪಲ್ಲ. ರಾತ್ರಿಯೂ ಬಿಡುವಿಲ್ಲ. ಚರ್ಮ ಕೆಂಪಾದ ಜಾಗ ಕಂಡರೆ ಎಣ್ಣೆ ಹಚ್ಚಿ ತಿಕ್ಕಬೇಕು ಅನ್ನಿಸುತ್ತೆ ಅಲ್ವಾ? ತಿಕ್ಕಬಾರದು. ಆ ಕಡೆ ಭಾರ ಬೀಳದಂತೆ ನೋಡಿಕೊಳ್ಳಬೇಕು.

ಹೀಗಿರುವಾಗ ನನ್ನ ಹೆಂಡತಿ ಒಂದು ಹಳೇ ನೋಟ್‌ಬುಕ್ ತೆಗೆದು ಮನೆಯ ಕೆಲಸಗಳನ್ನೆಲ್ಲ ಬರೆದಳು. ಬರೆದದ್ದಷ್ಟೇ ಅಲ್ಲ, ಒಂದೊಂದನ್ನೂ ಅರ್ಧ ಗಂಟೆಯ ತುಂಡು ಮಾಡಿದಳು. "ಅಪ್ಪನ್ನ ನೋಡ್ಕೊಳ್ಳೋದು" ಅಂದರೆ ಯಾರೂ ಕೈ ಹಾಕಲ್ಲ. "ಸೋಮವಾರ ರಾತ್ರಿ ಒಂಬತ್ತಕ್ಕೆ ಬಂದು ಮಗ್ಗುಲು ಹೊರಳಿಸೋಕೆ ಒಂದು ಕೈ ಹಿಡೀಬೇಕು" ಅಂದರೆ ಬರುತ್ತಾರೆ. ಆಮೇಲೆ ಯಾರು ಬಂದು "ಏನಾದ್ರೂ ಬೇಕಿದ್ರೆ" ಅಂದರೂ ಅವಳು ನಗುತ್ತಾ ನೋಟ್‌ಬುಕ್ ತೆಗೆಯುತ್ತಿದ್ದಳು. ಕೆಲವರು ಆಮೇಲೆ ಬರಲೇ ಇಲ್ಲ. ಇರಲಿ, ಅವರಿಗೆ ಮಾಡೋ ಕಾಫಿ ಉಳಿಯಿತು.

ಬಂದವರು ಮಾತ್ರ ಗಟ್ಟಿಯಾಗಿ ಬಂದರು. ಪಿಯುಸಿ ಓದುವ ಪಕ್ಕದ ಮನೆ ಹುಡುಗ ರಾತ್ರಿ ಮಲಗುವ ಮುಂಚೆ ಒಂದು ಸಲ ಬಂದು ಹೋಗುತ್ತಿದ್ದ. ಅಪ್ಪನಿಗೆ ಕ್ಷೌರ ಮಾಡುವವರು ಬುಧವಾರ ಅಂಗಡಿ ತೆಗೆಯುವ ಮುಂಚೆ ಮನೆಗೇ ಬಂದರು. ಮಂಗಳವಾರ ಅವರಿಗೆ ರಜೆ, ಆದರೆ ಆವತ್ತು ಅಪ್ಪ ಕತ್ತರಿ ಮುಟ್ಟಿಸಿಕೊಳ್ಳಲ್ಲ. ಮಾತು ಹೋದರೂ ಶಾಸ್ತ್ರ ಹೋಗಿರಲಿಲ್ಲ. ದುಡ್ಡು ಕೊಡಲು ಹೋದರೆ, "ಯಜಮಾನ್ರು ಅಂಗಡಿಗೇ ಬರ್ಲಿ, ಆಗ ಇಸ್ಕೋತೀನಿ" ಅಂದರು. ಬರುತ್ತಾರೆ ಅನ್ನೋ ನಂಬಿಕೆ ಆಗ ನನಗೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸಹಾಯ ಬಂದದ್ದು ನಮ್ಮ ದಾಯಾದಿಯಿಂದ. ಬದುವಿನ ಜಗಳ, ಕೋರ್ಟಿನಲ್ಲಿ ಕೇಸು, ಎರಡು ಮನೆಗೂ ಮಾತಿಲ್ಲ. ನಮ್ಮ ಕಡೆ ತೋಟಕ್ಕೆ ತ್ರೀ ಫೇಸ್ ಕರೆಂಟು ಬರುವುದು ಎಷ್ಟೋ ಸಲ ರಾತ್ರಿ ಹೊತ್ತಿನಲ್ಲಿ. ಅಪ್ಪನನ್ನು ಬಿಟ್ಟು ಹೋಗಿ ನಾನು ಮೋಟರ್ ಹಾಕುವ ಹಾಗಿರಲಿಲ್ಲ. ಒಂದು ದಿನ ತೋಟಕ್ಕೆ ಹೋದರೆ ತೆಂಗಿನ ಬುಡವೆಲ್ಲ ತೇವ. ಯಾರು ನೀರು ಬಿಟ್ಟರು ಅಂತ ಕೇಳಿದಾಗ, ಅವರು ತಮ್ಮ ಮೋಟರ್ ಹಾಕಲು ಬಂದವರು ನಮ್ಮದನ್ನೂ ಹಾಕಿ ಹೋಗುತ್ತಿದ್ದಾರೆ ಅಂತ ಗೊತ್ತಾಯಿತು. ಬೇಸಿಗೆಯಿಡೀ ಹಾಗೇ ನಡೆಯಿತು. ಮನೆಯೊಳಗೆ ಮಾತ್ರ ಅವರು ಕಾಲಿಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಕೊಬ್ಬರಿ ಸುಲಿದಾಗ ಅಮ್ಮ ಒಂದು ಚೀಲ ಕಳಿಸಿದಳು, ಅದು ವಾಪಸ್ ಬರಲಿಲ್ಲ. ಕೇಸು ಇನ್ನೂ ನಡೀತಾ ಇದೆ, ಅದು ಬೇರೆ ವಿಷಯ.

ಇನ್ನು ಸಲಹೆ ಕೊಡುವವರು. ನಮ್ಮ ಅತ್ತೆಯೊಬ್ಬರು ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ಬಿಡುತ್ತೆ ಅಂತ ಪಟ್ಟು ಹಿಡಿದರು. ಪಾರಿವಾಳವನ್ನೂ ಹುಡುಕಿಟ್ಟಿದ್ದರು! ಏಟು ಬಿದ್ದಿರೋದು ಮಿದುಳಿಗೆ, ತೋಳಿಗೆ ರಕ್ತ ಹಚ್ಚಿದರೆ ಏನು ಬಂತು ಅಂತ ವಾದಕ್ಕಿಳಿಯಬಹುದಿತ್ತು. ಆದರೆ ಅವರು ಬಂದದ್ದು ಅಣ್ಣನ ಮೇಲಿನ ಪ್ರೀತಿಗೆ. ಅದಕ್ಕೇ ಅವರಿಗೆ ರಾಗಿ ಅಂಬಲಿಯ ಕೆಲಸ ಕೊಟ್ಟೆವು. ಲಕ್ವ ಹೊಡೆದವರಿಗೆ ನುಂಗೋದು ಕಷ್ಟವಾದರೆ ನೀರಿನಂಥ ತೆಳು ಪದಾರ್ಥವೇ ಜಾಸ್ತಿ ಅಪಾಯ, ಶ್ವಾಸನಾಳಕ್ಕೆ ಇಳಿದುಬಿಡುತ್ತೆ. ಎಷ್ಟು ಗಟ್ಟಿ ಇರಬೇಕು ಅಂತ ಥೆರಪಿಸ್ಟ್ ಒಬ್ಬರು ತೋರಿಸಿಕೊಟ್ಟಿದ್ದರು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಚಮಚ ಚಮಚವಾಗಿ ಕೊಡಬೇಕು. ಕೊಟ್ಟ ತಕ್ಷಣ ಮಲಗಿಸಬಾರದು. ಅತ್ತೆಯಷ್ಟು ತಾಳ್ಮೆಯಿಂದ ಈ ಕೆಲಸವನ್ನು ನಮ್ಮ ಮನೆಯಲ್ಲಿ ಯಾರೂ ಮಾಡಲಿಲ್ಲ. ಪಾರಿವಾಳ ಏನಾಯಿತೋ ಗೊತ್ತಿಲ್ಲ.

ಅಪ್ಪನನ್ನು ಹೆಚ್ಚು ಕಾಡಿದ್ದು ಮಾತು. ಒಳಗೆ ಎಲ್ಲ ಅರ್ಥವಾಗುತ್ತಿತ್ತು, ಹೊರಗೆ ಪದ ಬರುತ್ತಿರಲಿಲ್ಲ. ನೋಡಲು ಬಂದವರು ಕಿವಿಯ ಹತ್ತಿರ ಬಗ್ಗಿ "ನಾನ್ಯಾರು ಹೇಳಿ ನೋಡೋಣ?" ಅಂತ ಕೂಗುತ್ತಿದ್ದರು. ಕಿವುಡರಲ್ಲ ಅವರು, ಪರೀಕ್ಷೆಗೆ ಕೂತ ಹುಡುಗನೂ ಅಲ್ಲ. ಅಂಗಡಿಯಲ್ಲಿ ಒಂದು ಹಾಳೆ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದೆ: "ಮೆಲ್ಲಗೆ ಮಾತಾಡಿ. ಹೌದು-ಇಲ್ಲ ಅನ್ನೋ ಪ್ರಶ್ನೆ ಕೇಳಿ. ಉತ್ತರಕ್ಕೆ ಕಾಯಿರಿ." ಕೊನೆಯದೇ ಕಷ್ಟ. ಅವರು ಒಂದು ಪದಕ್ಕೆ ಒದ್ದಾಡುವಾಗ ನಾವೇ ಅದನ್ನು ಹೇಳಿ ಮುಗಿಸಿಬಿಡೋಣ ಅನ್ನಿಸುತ್ತೆ. ಸುಮ್ನೆ ಕೂರುವುದನ್ನು ಕಲಿಯಬೇಕು. ಅಮ್ಮನಿಗೆ ಅದು ಮೊದಲೇ ಬರುತ್ತಿತ್ತು.

ಒಂದು ಮಧ್ಯಾಹ್ನ ಅಂಗಳದಲ್ಲಿ ಕಾಯಿ ಎಣಿಸುತ್ತಿದ್ದೆವು. ನಮ್ಮಲ್ಲಿ ಮೊದಲನೆಯದಕ್ಕೆ ಒಂದು ಅನ್ನಲ್ಲ, ಲಾಭ ಅಂತೀವಿ. ಅಪ್ಪ ಕುರ್ಚಿಯಲ್ಲಿದ್ದರು. ಆಳು ಮೊದಲ ಕಾಯಿ ಎತ್ತಿದ. ಅಪ್ಪನ ಬಾಯಿಂದ "ಲಾಭ" ಬಂತು. ಆಮೇಲೆ ಎರಡು, ಮೂರು, ಹೀಗೆ ಹನ್ನೆರಡರವರೆಗೂ ತಡೆಯಿಲ್ಲದೆ! ನೀರು ಅನ್ನಲು ಬಾರದವರಿಗೆ ಇದು ಹೇಗೆ ಬಂತು? ಎಣಿಕೆ, ಮಂತ್ರ, ಹಾಡು, ಬೈಗುಳ, ಹೀಗೆ ವರ್ಷಗಟ್ಟಲೆ ರೂಢಿಯಾದ ಮಾತು ಎಷ್ಟೋ ಜನರಲ್ಲಿ ಉಳಿದಿರುತ್ತೆ ಅಂತ ಥೆರಪಿಸ್ಟ್ ಹೇಳಿದರು. ಬೈಗುಳವೂ ಉಳಿದಿದೆ ಅಂತ ನಮಗೆ ಅಷ್ಟರಲ್ಲಿ ಚೆನ್ನಾಗೇ ಗೊತ್ತಾಗಿತ್ತು. ಆವತ್ತಿನಿಂದ ದಿನಾ ಸಂಜೆ ಕಾಯಿ ಎಣಿಸುವುದೇ ಪಾಠ. ಎಣಿಸಿದ್ದನ್ನೇ ಎಣಿಸಿದೆವು.

ಅಪ್ಪನ ಸಿಟ್ಟಿನ ಬಗ್ಗೆಯೂ ಹೇಳಬೇಕು. ಎಡಗೈಯಿಂದ ತಟ್ಟೆ ಎಸೆಯುತ್ತಿದ್ದರು. ಕಾರಣವಿಲ್ಲದೆ ಅಳುತ್ತಿದ್ದರು. ಸ್ಟ್ರೋಕ್ ಆದ ಮೇಲೆ ಖಿನ್ನತೆ ಬರುವುದು ಸಾಮಾನ್ಯ, ಅದಕ್ಕೂ ಚಿಕಿತ್ಸೆ ಇದೆ. ಡಾಕ್ಟರು ಮಾತ್ರೆ ಕೊಟ್ಟ ಕೆಲವು ವಾರಗಳಲ್ಲಿ ಅಪ್ಪ ವ್ಯಾಯಾಮಕ್ಕೆ ತಾವಾಗಿ ಕಾಲು ಚಾಚಿದರು. ಹಟಮಾರಿತನ ಅಂತ ಬೈದುಕೊಂಡು ಕೂತಿದ್ದರೆ ಆಗುತ್ತಿರಲಿಲ್ಲ.

ಮೊದಲ ಮೂರು ತಿಂಗಳು ಸುಧಾರಣೆ ಬೇಗ ಕಾಣುತ್ತೆ, ಆರು ತಿಂಗಳ ಮೇಲೆ ನಿಧಾನ. ಬಹಳ ಮನೆಗಳಲ್ಲಿ ವ್ಯಾಯಾಮ ನಿಲ್ಲುವುದು ಆಗಲೇ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತು ತಿಂಗಳಾದರೂ ಬೇಕು, ನಡುವೆ ನೋಡಿದರೆ ಏನೂ ಬದಲಾದಂತೆ ಕಾಣಲ್ಲ. ಅಪ್ಪನ ಕಾಲೂ ಹಾಗೇ ಇತ್ತು. ಕೋಲು ಎಡಗೈಯಲ್ಲಿ ಹಿಡಿಸಿದೆವು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತೆ. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಪಾಳಿಗೆ ಬರುವವರಿಗೆಲ್ಲ ಇಷ್ಟು ಬಾಯಿಪಾಠವಾಗಿತ್ತು.

ಅಮ್ಮನಿಗೂ ಪಾಳಿಯಲ್ಲಿ ಜಾಗ ಇತ್ತು, ರಜೆಯ ಜಾಗ. ಸಂತೆಯ ದಿನ ಮಧ್ಯಾಹ್ನ ಅವಳು ಮನೆಯಲ್ಲಿ ಇರಕೂಡದು. ಮೊದಮೊದಲು ಬೇಜಾರು ಮಾಡಿಕೊಂಡಳು. ಆಮೇಲೆ ತಂಗಿಯ ಮನೆಗೆ ಹೋಗಿ ಬರೋದು ಅಭ್ಯಾಸವಾಯಿತು. ನೋಡಿಕೊಳ್ಳುವವರು ನೆಲ ಹಿಡಿದರೆ ಅವರಿಗೊಂದು ಪಾಳಿ ಹುಡುಕಬೇಕಾಗುತ್ತೆ.

ಬಲಗೈ ಇವತ್ತಿಗೂ ಪೂರ್ತಿ ಬಂದಿಲ್ಲ. ಅಪ್ಪ ಎಡಗೈಯಲ್ಲಿ ಸಹಿ ಹಾಕುತ್ತಾರೆ. ಕೋಲು ಊರಿಕೊಂಡು ಕ್ಷೌರದ ಅಂಗಡಿಗೆ ಹೋಗುತ್ತಾರೆ, ಹಳೇ ಬಾಕಿ ತೀರಿಸಿಯೂ ಆಯಿತು. ನಮ್ಮ ಗಾಳಿ ಹಾಸಿಗೆ ಈಗ ಕೆಳಗಿನ ಬೀದಿಯ ಒಂದು ಮನೆಯಲ್ಲಿದೆ, ನೋಟ್‌ಬುಕ್ಕಿನ ಜೆರಾಕ್ಸ್ ಕೂಡ. ಹಾಸಿಗೆಯ ಪಂಪು ರಾತ್ರಿ ಗುಂಯ್ ಅಂತ ಸದ್ದು ಮಾಡುತ್ತೆ, ಕೆಳಗೆ ದಪ್ಪ ಟವೆಲ್ ಮಡಚಿ ಇಡಿ ಅಂತ ಹೇಳಿ ಕಳಿಸಿದ್ದೇವೆ.